ಕೂದಲೆಳೆಯಷ್ಟೂ ಅಲುಗದ ಕ್ಯಾರವಾನ್

"ಒಂದು ವರ್ಷ ನಿಲ್ಲಲಿ, ಹತ್ತು ವರ್ಷ ನಿಲ್ಲಲಿ, ಈ ಕ್ಯಾರವಾನ್ ಕೂದಲೆಳೆಯಷ್ಟು ಅಲುಗಿದರೆ ನನ್ನ ಹೆಸರು ಲೆಸ್ಟರ್ ಅಲ್ಲ!"

ಜುಲೈ ತಿಂಗಳ ಮೊದಲ ಶನಿವಾರ, ಡಾಲ್ಬಿ ಪಟ್ಟಣದ ನಮ್ಮ ಹಿತ್ತಲಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಂಡವರು ಮೂವರು: ನನ್ನ ಹೆಂಡತಿ ರೇಲೀನ್, ಬೇಲಿಯಾಚೆಯ ಮರ್ವ್, ಮರ್ವ್‌ನ ಮುದಿ ನಾಯಿ. ನಾಯಿ ಎದ್ದು ಹೋಯಿತು. ಉಳಿದಿಬ್ಬರು ಸಭ್ಯರಾದ್ದರಿಂದ ನಿಂತೇ ಇದ್ದರು.

ಘೋಷಣೆಗೆ ಕಾರಣವಿತ್ತು. ಭೂಮಧ್ಯರೇಖೆಯ ಕೆಳಗಿರುವ ನಮ್ಮ ದೇಶದಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ, ಅದು ಬಂದರೆ ಸಾಕು, ನಮ್ಮ ವಯಸ್ಸಿನವರೆಲ್ಲ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ಅಂದರೆ ಮಂಚ, ಒಲೆ, ಫ್ರಿಜ್ಜು ಸಮೇತ ಮನೆಯನ್ನೇ ಎಳೆದುಕೊಂಡು, ಉತ್ತರದ ಬಿಸಿಲಿಗೆ ಹೊರಟುಬಿಡುತ್ತಾರೆ. ರೇಲೀನ್‌ಗೆ ಹೋಗಬೇಕಾದದ್ದು ಕರುಂಬಾ ಎಂಬ ಊರಿಗೆ. ಅಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ನಮ್ಮ ಕಡೆ ಸಮುದ್ರವಿರುವುದು ಪೂರ್ವಕ್ಕೆ. ಸೂರ್ಯ ಅಲ್ಲಿ ಎದ್ದು, ದಿನವಿಡೀ ನಮ್ಮನ್ನು ಸುಟ್ಟು, ಸಂಜೆ ಯಾರದೋ ಗೋಧಿ ಹೊಲದ ಹಿಂದೆ ಕಳ್ಳನ ಹಾಗೆ ಇಳಿದು ಹೋಗುತ್ತಾನೆ.

"ನನಗೆ ಅರವತ್ತಾರು ವರ್ಷ ಆಯ್ತು ಲೆಸ್. ಸೂರ್ಯ ನೀರಿಗಿಳಿಯೋದನ್ನ ಒಂದೇ ಒಂದು ಸಲ ನೋಡಬೇಕು," ಎಂದು ಅವಳು ಮೂರು ವರ್ಷದಿಂದ ಹೇಳುತ್ತಿದ್ದಳು. ಮೊದಲ ವರ್ಷ ನಾನು ಸೂರಿನ ರಿಪೇರಿ ಅಂದೆ. ಎರಡನೇ ವರ್ಷ ಕಾರಿನ ರಿಪೇರಿ ಅಂದೆ. ಮೂರನೇ ವರ್ಷ, ಅಂದರೆ ಈ ಏಪ್ರಿಲ್ ಕೊನೆಯಲ್ಲಿ, ನನ್ನ ಬಲ ಮೊಣಕಾಲೇ ರಿಪೇರಿಗೆ ಹೋಯಿತು. ಆಸ್ಪತ್ರೆಯಲ್ಲಿ ಐದು ದಿನ ಮಲಗಿ, ಹೊಸ ಕೀಲು ಹಾಕಿಸಿಕೊಂಡು ಬಂದೆ.

"ಮುಂದಿನ ವರ್ಷ ಖಂಡಿತ!" ಎಂದೆ.

"ಮುಂದಿನ ವರ್ಷ ಯಾವ ಅಂಗ ರಿಪೇರಿಗೆ ಹೋಗುತ್ತೋ ಈಗಲೇ ಹೇಳಿಬಿಡು, ನಾನು ಕಾಯೋದು ಬಿಡ್ತೀನಿ," ಎಂದಳು ಅವಳು.

ಅದಕ್ಕೇ ಆ ಘೋಷಣೆ! ಹೋಗುವುದು ತಡವಾದರೂ ಕ್ಯಾರವಾನ್‌ಗೆ ಒಂದು ಗೀರೂ ಬೀಳದಂತೆ ಕಾಯ್ದಿಡುತ್ತೇನೆ ಎಂದು ತೋರಿಸಬೇಕಿತ್ತು. ನಾನೇನು ಸಾಮಾನ್ಯನೇ? ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನಡೆಸಿದವನು! ಲಾರಿ ಚಾಲಕ ತಿಂಡಿ ತಿಂದು ಬಂದಿದ್ದಾನೋ ಇಲ್ಲವೋ ಎಂಬುದನ್ನು ಮುಳ್ಳು ನೋಡಿ ಹೇಳುತ್ತಿದ್ದವನು! ನೇರ, ಮಟ್ಟ, ತೂಕ, ಇವು ಮೂರೂ ನನ್ನ ಮನೆದೇವರು.

ಕ್ಯಾರವಾನನ್ನು ತಿಂಗಳುಗಟ್ಟಲೆ ಚಕ್ರದ ಮೇಲೆಯೇ ನಿಲ್ಲಿಸಿದರೆ ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತದೆ, ಸ್ಪ್ರಿಂಗು ಸೋಲುತ್ತದೆ. ಆದ್ದರಿಂದ ಜಾಕ್ ಕೊಟ್ಟು ಎತ್ತಿ, ಗಾಡಿಯ ಅಡಿಚೌಕಟ್ಟಾದ ಚಾಸಿಯ ಕೆಳಗೆ, ತಿರುಪು ತಿರುಗಿಸಿದರೆ ಏರಿಳಿಯುವ ನಾಲ್ಕು ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಚಕ್ರ ಬಿಚ್ಚಿಡಬೇಕು. ನಮ್ಮ ಹಿತ್ತಲಲ್ಲಿ ಹಳೆಯ ಶೆಡ್ ಕೆಡವಿದ ಮೇಲೆ ಉಳಿದ ಸಿಮೆಂಟ್ ನೆಲವಿದೆ. ಮೂರು ಸ್ಟ್ಯಾಂಡು ಅದರ ಮೇಲೆ ಗಟ್ಟಿಯಾಗಿ ಕೂತವು. ನಾಲ್ಕನೆಯದು, ಹಿಂದಿನ ಎಡ ಮೂಲೆಯದು, ಸಿಮೆಂಟ್ ದಾಟಿ ನಿಂಬೆ ಗಿಡದ ಪಕ್ಕ ಎರೆಮಣ್ಣಿನ ಮೇಲೆ ಬಂತು. ಅದರಡಿಗೆ ಒಂದು ಹಲಗೆ ಹಾಕಿದೆ.

ಇಷ್ಟು ಹೊತ್ತಿಗೆ ಮರ್ವ್ ಚಹಾದ ಲೋಟ ಹಿಡಿದು ಬೇಲಿಗೆ ಒರಗಿದ್ದ. ನಮ್ಮ ಬೀದಿಯಲ್ಲಿ ಒಬ್ಬ ಗಂಡಸು ಜಾಕ್ ಹಿಡಿದ ಸದ್ದು ಕೇಳಿದರೆ ಉಳಿದ ಗಂಡಸರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಲೇಬೇಕು. ಸಹಾಯ ಮಾಡುವಂತಿಲ್ಲ. ಬುದ್ಧಿಮಾತು ಹೇಳಬಹುದು, ಆದರೆ ಒಂದೇ ಸಲ. ಎರಡನೇ ಸಲ ಹೇಳಿದರೆ ಅದು ಜಗಳ ಎಂದು ಲೆಕ್ಕ. ಮರ್ವ್ ನಲವತ್ತು ವರ್ಷ ರಸ್ತೆ ಸಮ ಮಾಡುವ ಯಂತ್ರ ಓಡಿಸಿದವನು, ಈ ಸೀಮೆಯ ಮಣ್ಣನ್ನೆಲ್ಲ ಮಾತಾಡಿಸಿ ಬಲ್ಲವನು. ತನ್ನ ಪಾಲಿನ ಒಂದು ಸಲವನ್ನು ಅವನು ಈಗ ಖರ್ಚು ಮಾಡಿದ.

"ಲೆಸ್, ಒಂದು ಹೆಜ್ಜೆ ಮುಂದೆ ಎಳೆದಿದ್ರೆ ನಾಲ್ಕೂ ಸಿಮೆಂಟ್ ಮೇಲೇ ಬರ್ತಿತ್ತೇನೋ."

"ಎಳೆದ್ರೆ ಬೇಲಿಯ ಗೆರೆಗೆ ಸರಿಯಾಗಿ ಬರಲ್ಲ ಮಾರಾಯ! ಕಣ್ಣಿಗೆ ಚುಚ್ಚುತ್ತೆ!"

ಮರ್ವ್ ಚಹಾ ಗುಟುಕರಿಸಿದ. "ಹೂಂ. ಸರಿಹೋಗುತ್ತೆ ಬಿಡು."

ನಮ್ಮೂರಿನಲ್ಲಿ 'ಸರಿಹೋಗುತ್ತೆ ಬಿಡು' ಎಂದರೆ 'ನಿನ್ನ ಕಥೆ ಮುಗೀತು' ಎಂದರ್ಥ. ಅರವತ್ತೆಂಟು ವರ್ಷ ಇಲ್ಲೇ ಬಾಳಿದ ನನಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಅಂದು ನನಗೆ ಅದು ಶಹಬ್ಬಾಸ್‌ಗಿರಿಯಂತೆ ಕೇಳಿಸಿತು.

ರೇಲೀನ್ ಕೂಡ ಒಂದೇ ಮಾತು ಕೇಳಿದಳು. "ಚಕ್ರ ಬಿಚ್ಚಲೇಬೇಕಾ?"

"ಕೆಲಸ ಅಂದ್ಮೇಲೆ ಶಾಸ್ತ್ರೋಕ್ತವಾಗಿ ಆಗ್ಬೇಕು!"

"ಚಕ್ರ ತೆಗೆದ್ರೆ ಅದು ಕ್ಯಾರವಾನ್ ಅಲ್ಲ ಲೆಸ್, ಕೋಳಿಗೂಡು."

ಹಾಗೆಂದು ಅವಳು ಒಳಗೆ ಹೋದಳು. ನಾನು ಚಕ್ರಗಳನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಹೊಸ ಶೆಡ್ಡಿನಲ್ಲಿಟ್ಟೆ. ರಸಮಟ್ಟ ತಂದು ಕ್ಯಾರವಾನಿನ ನೆಲದ ಮೇಲಿಟ್ಟೆ. ಅದರ ಗಾಜಿನ ನಳಿಗೆಯ ಗುಳ್ಳೆ ಎರಡು ಗೆರೆಗಳ ನಡುವೆ ಬಂದು, ನನ್ನನ್ನೇ ನೋಡುತ್ತ ನಿಂತಿತು. ಆ ಕ್ಷಣ ನನ್ನ ಬಗ್ಗೆ ನನಗೇ ಭಕ್ತಿ ಹುಟ್ಟಿತು.

ಅದೇ ಸಂಜೆ ಇನ್ನೊಂದು ಘನಕಾರ್ಯವನ್ನೂ ಮಾಡಿದೆ. ಮಳೆಯಿಲ್ಲದೆ ನಿಂಬೆ ಗಿಡ ಬಾಡುತ್ತಿತ್ತು. ಬಟ್ಟೆ ತೊಳೆಯುವ ಮೆಷಿನ್ನಿನ ನೀರನ್ನು ಪೈಪಿನಲ್ಲಿ ಗಿಡಗಳಿಗೆ ಬಿಡುವುದು ನಮ್ಮ ಕಡೆ ಎಲ್ಲರ ಮನೆಯ ರೂಢಿ. ನಮ್ಮ ಪೈಪು ಹೂವಿನ ಪಾತಿಯವರೆಗೆ ಇತ್ತು. ನಾನು ಅದಕ್ಕೆ ಇನ್ನೊಂದು ಪೈಪು ಸೇರಿಸಿ, ಕ್ಯಾರವಾನಿನ ಅಡಿಯಿಂದ ಹಾಯಿಸಿ, ನಿಂಬೆಯ ಬುಡಕ್ಕೆ ಬಿಟ್ಟೆ. ರೇಲೀನ್‌ಗೆ ಹೇಳಲಿಲ್ಲ. ನಿಂಬೆ ಬಿಟ್ಟಾಗ ತಾನಾಗಿ ಆಶ್ಚರ್ಯಪಡಲಿ ಎಂದುಕೊಂಡೆ.

ಎರಡು ವಾರ ಕಳೆಯಿತು. ರಸಮಟ್ಟ ಇಟ್ಟು ನೋಡುತ್ತೇನೆ, ಗುಳ್ಳೆ ಗೆರೆಯನ್ನು ಮುಟ್ಟಿದೆ! ಹಿಂದಿನ ಎಡ ಮೂಲೆ ಒಂದು ನೂಲಿನಷ್ಟು ಎತ್ತರವಾಗಿದೆ! ಮನೆಯತ್ತ ತಿರುಗಿ ಕೂಗಿದೆ.

"ರೇಲೀನ್! ಕ್ಯಾರವಾನಿನ ಮುಂದಿನ ಬೀರುವಲ್ಲಿ ಏನಾದ್ರೂ ಭಾರ ಇಟ್ಯಾ?"

"ಇಟ್ಟೆ. ಎರಡು ಟೀ ಟವೆಲ್."

"ಒಣಗಿದ್ದವೋ, ಒದ್ದೆಯೋ?"

ಅವಳು ನನ್ನನ್ನು ನೋಡಿದಳು, ಅಷ್ಟೇ. ನಲವತ್ತೆರಡು ವರ್ಷದ ದಾಂಪತ್ಯದಲ್ಲಿ ನೋಟಕ್ಕೂ ಒಂದು ತೂಕವಿರುತ್ತದೆ.

ಸರಿ, ಪರಿಹಾರ ಸುಲಭ. ಒಂದು ಮೂಲೆ ಎತ್ತರವಾಗಿದ್ದರೆ ಉಳಿದ ಮೂರನ್ನೂ ಎತ್ತಿದರಾಯಿತು! ತಿರುಪು ತಿರುಗಿಸಿ ಎತ್ತಿದೆ. ಆ ಒಂದನ್ನು ಇಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಳಿಸಿದರೆ ಮೊದಲು ಇಟ್ಟದ್ದು ತಪ್ಪು ಎಂದು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಎತ್ತುವುದರಲ್ಲಿ ಒಂದು ಗೌರವವಿದೆ.

ಮುಂದಿನ ವಾರ ಮತ್ತೆ ಅದೇ ಮೂಲೆ ಎತ್ತರ. ಮತ್ತೆ ಮೂರನ್ನೂ ಎತ್ತಿದೆ. ಅದರ ಮುಂದಿನ ವಾರವೂ ಅದೇ. ಈಗ ಅನುಮಾನ ಮರ್ವ್‌ನ ನಾಯಿಯ ಮೇಲೆ ಹೋಯಿತು. ನಾಯಿ ರಾತ್ರಿ ಬಂದು ಮುಂದಿನ ಬಲ ಮೂಲೆಗೆ ಮೈ ತಿಕ್ಕಿ ಅದನ್ನು ತಗ್ಗಿಸುತ್ತಿದೆಯೇ? ನಾಯಿಗೆ ಹದಿನೈದು ವರ್ಷ, ಮೈ ತಿಕ್ಕಲು ಅದಕ್ಕೆ ಬೇರೆಯವರ ಸಹಾಯ ಬೇಕು. ಆಮೇಲೆ ಅನುಮಾನ ಮರ್ವ್‌ನ ಮೇಲೆಯೇ ಹೋಯಿತು. ಹೊಟ್ಟೆಕಿಚ್ಚಿಗೆ ಗಂಡಸು ಏನು ಬೇಕಾದರೂ ಮಾಡಿಯಾನು! ಕೊನೆಗೆ ಭೂಗೋಳದ ಮೇಲೂ ಹೋಯಿತು.

"ರೇಲೀನ್, ಭೂಮಿನೇ ವಾಲ್ತಾ ಇದ್ಯೇನೋ ಅಂತ ನನಗೆ ಡೌಟು."

"ಹಾಗಿದ್ರೆ ಸಂಜೆಯೊಳಗೆ ಬಟ್ಟೆ ಒಣಗಿಸಿಬಿಡ್ತೀನಿ," ಎಂದು ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಸೆಪ್ಟೆಂಬರ್ ಹೊತ್ತಿಗೆ ನಮ್ಮ ಕ್ಯಾರವಾನ್ ಹಿತ್ತಲಿನ ಅರಮನೆಯಂತೆ ಮೆರೆಯುತ್ತಿತ್ತು. ಬಾಗಿಲ ಮೆಟ್ಟಿಲು ಸಾಲದೆ, ಬಿಯರ್ ಬಾಟಲಿಯ ಖಾಲಿ ಪೆಟ್ಟಿಗೆಯಿಟ್ಟು ಹತ್ತಬೇಕಾಯಿತು. ಕಿಟಕಿಯಿಂದ ಬೇಲಿಯ ಮೇಲೆ ಹಾದು ಮರ್ವ್‌ನ ಅಡುಗೆಮನೆಯ ಸಾರಿನ ಬಣ್ಣ ಕಾಣುತ್ತಿತ್ತು. ಮರ್ವ್ ಒಂದು ದಿನ ಅಡುಗೆಮನೆಗೆ ಪರದೆ ಹಾಕಿಸಿದ. ಬಾಯಿ ಮಾತ್ರ ಬಿಡಲಿಲ್ಲ. ಒಂದು ಸಲ ಹೇಳಿ ಆಗಿತ್ತಲ್ಲ!

ಆ ತಿಂಗಳ ಮೂರನೇ ವಾರ ಊರಿನ ಹೆಂಗಸರ ಸಂಘದ ವಾರ್ಷಿಕ ಚಹಾಕೂಟ. ಅದರ ನಲವತ್ತಾರು ಮೇಜುಬಟ್ಟೆಗಳನ್ನು ಒಗೆಯುವ ಭಾರವನ್ನು ರೇಲೀನ್ ಒಪ್ಪಿಕೊಂಡಿದ್ದಳು. ಸೋಮವಾರದಿಂದ ಮೆಷಿನ್ನು ಗುಡುಗುತ್ತಲೇ ಇತ್ತು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ರೇಡಿಯೋ ಹಿಡಿದು, ಪೆಟ್ಟಿಗೆ ಹತ್ತಿ, ಕ್ಯಾರವಾನಿನಲ್ಲಿ ಒಂದು ನಿದ್ದೆ ಹೊಡೆಯೋಣವೆಂದು ಹೋದೆ. ಬಾಗಿಲು ವಾರದಿಂದ ಕಿರಿಕಿರಿ ಮಾಡುತ್ತಿತ್ತು, ಚೌಕಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. 'ಏನು ನಿನ್ನ ಸೊಕ್ಕು!' ಎಂದು ಒಳಗಿನಿಂದ ಎರಡೂ ಕೈಯಲ್ಲಿ ಹಿಡಿದು, ಹೊಸ ಮೊಣಕಾಲನ್ನು ಗೋಡೆಗೆ ಕೊಟ್ಟು ಎಳೆದೆ. ಧಡ್! ಕೂತಿತು.

ನಿದ್ದೆ ಮುಗಿಸಿ ಎದ್ದು ಹಿಡಿ ತಿರುಗಿಸಿದರೆ ಬಾಗಿಲು ಬರಲಿಲ್ಲ. ತಳ್ಳಿದೆ. ಬರಲಿಲ್ಲ. ಭುಜ ಕೊಟ್ಟೆ. ಭುಜ ನೊಂದಿತು. ಎಲ್ಲೋ ಅಡಿಯಲ್ಲಿ 'ಕಿರ್‌ರ್' ಎಂದು ಕಬ್ಬಿಣ ನರಳಿತು. ಫೋನು ಮನೆಯಲ್ಲಿತ್ತು. ಕಿಟಕಿ ತೆರೆದು ಕೂಗಿದೆ.

"ರೇಲೀನ್! ಸ್ವಲ್ಪ ಬಾ!"

ಮೆಷಿನ್ನಿನ ಗುಡುಗಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಬಂದವನು ಮರ್ವ್. ಚಹಾದ ಲೋಟವೂ ಬಂದಿತ್ತು.

"ಏನ್ ಲೆಸ್, ಸಿಕ್ಹಾಕ್ಕೊಂಡ್ಯಾ?"

"ಇಲ್ಲ ಮಾರಾಯ. ಬಾಗಿಲು ಸ್ವಲ್ಪ ಯೋಚನೆ ಮಾಡ್ತಿದೆ."

ಐದೇ ನಿಮಿಷದಲ್ಲಿ ಬೀದಿಯ ಅರ್ಧ ಗಂಡಸರು ಹಿತ್ತಲಲ್ಲಿದ್ದರು. ಒಂಬತ್ತು ಜನ, ಒಂಬತ್ತು ಜೋಡಿ ಹವಾಯಿ ಚಪ್ಪಲಿ, ಸೊಂಟದ ಮೇಲೆ ಹದಿನೇಳು ಕೈ, ಹದಿನೆಂಟನೆಯದರಲ್ಲಿ ಚಹಾದ ಲೋಟ. ಟ್ರ್ಯಾಕ್ಟರ್ ರಿಪೇರಿಯ ಕ್ಲೆಮ್ ಬಾಗಿಲನ್ನು ಕೊಯ್ದುಬಿಡೋಣ ಎಂದ. ಇನ್ನೊಬ್ಬ ಹಿಂದಿನ ಕಿಟಕಿಯಿಂದ ಎಳೆಯೋಣ ಎಂದ. ಎರಡನೆಯದು ಅಗ್ಗವೆಂದು ನಾನೇ ಒಪ್ಪಿದೆ. ತಲೆ ಬಂತು, ಭುಜ ಬಂತು, ಎದೆ ಬಂತು. ಆಮೇಲೆ ಹೊಟ್ಟೆಯ ಸರದಿ. ಸ್ವಾಮಿ, ಮೂವತ್ತೊಂದು ವರ್ಷ ಲೋಕದ ಲಾರಿಗಳನ್ನೆಲ್ಲ ತೂಗಿದ ನಾನು ನನ್ನನ್ನು ತೂಗಿಕೊಂಡಿರಲಿಲ್ಲ!

"ಎಳೀರೋ!" ಎಂದ ಕ್ಲೆಮ್. ಎಳೆದರು.

"ತಳ್ರೋ, ತಳ್ರೋ, ವಾಪಸ್ ತಳ್ರೋ!" ಎಂದು ನಾನು ಚೀರಿದೆ. ತಳ್ಳಿದರು. ಒಳಗೆ ದೊಪ್ಪನೆ ಬಿದ್ದೆ. ಕ್ಯಾರವಾನ್ ಒಮ್ಮೆ ತೊನೆದು ಮತ್ತೆ 'ಕಿರ್‌ರ್' ಎಂದಿತು.

"ಯಾರೂ ಮುಟ್ಟಬೇಡಿ ಅದನ್ನ!"

ರೇಲೀನ್ ಬಂದಿದ್ದಳು. ಹೆಗಲ ಮೇಲೆ ಒಂದು ಒದ್ದೆ ಮೇಜುಬಟ್ಟೆ. ಒಂಬತ್ತು ಜನ ಗಂಡಸರು ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಮುಖ ಬಿಳಿಚಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ಚಾಸಿಯ ಮೇಲಿತ್ತು. ಚಾಸಿ ತಿರುಚಿಕೊಂಡರೆ ಆ ಗಾಡಿ ಮತ್ತೆ ರಸ್ತೆಗಿಳಿಯುವುದಿಲ್ಲ. ಕರುಂಬಾ ಮುಗಿಯಿತು, ಸೂರ್ಯ ಮುಗಿಯಿತು. ಅದು ನನಗೆ ಆಗ ಅರ್ಥವಾಯಿತು.

ಅವಳು ಹಿಂದಿನ ಎಡ ಮೂಲೆಗೆ ಹೋಗಿ ಮಂಡಿಯೂರಿದಳು. ಎರೆಮಣ್ಣಿಗೆ ಬೆರಳು ತೂರಿಸಿದಳು. ಬೆರಳು ಮೂಗಿಗೆ ಹಿಡಿದಳು.

"ಲ್ಯಾವೆಂಡರ್," ಎಂದಳು.

"ಏನು?" ಎಂದ ಮರ್ವ್.

"ನನ್ನ ಸೋಪಿನ ಪುಡಿ ವಾಸನೆ. ಲೆಸ್! ಮೆಷಿನ್ ನೀರು ಇಲ್ಲಿಗೆ ಯಾಕೆ ಬರ್ತಿದೆ?"

ಕಿಟಕಿಯಲ್ಲಿ ನನ್ನ ಮುಖ ಮಾತ್ರವಿತ್ತು, ಅದನ್ನೂ ಒಳಗೆಳೆದುಕೊಳ್ಳೋಣ ಅನಿಸಿತು. "ನಿಂಬೆ ಗಿಡಕ್ಕೆ... ನಿನಗೆ ಆಶ್ಚರ್ಯ ಆಗ್ಲಿ ಅಂತ..."

"ಆಯ್ತು," ಎಂದಳು ರೇಲೀನ್.

ನಮ್ಮ ಎರೆಮಣ್ಣಿನ ಗುಣ ಇಲ್ಲಿನ ಕೂಸಿಗೂ ಗೊತ್ತು. ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬಿ ಮೇಲೇಳುತ್ತದೆ. ಸಿಮೆಂಟಿನ ಮೇಲಿನ ಮೂರು ಕಾಲು ಇದ್ದಲ್ಲೇ ಇದ್ದವು. ನಾಲ್ಕನೆಯದರ ಕೆಳಗೆ ನಾನೇ ಪೈಪು ಹಾಯಿಸಿ, ಹನ್ನೊಂದು ವಾರ ಆ ಮಣ್ಣಿಗೆ ನೀರುಣಿಸಿದ್ದೆ! ಮೇಲಾಗಿ ಈ ನಾಲ್ಕು ದಿನ ನಲವತ್ತಾರು ಮೇಜುಬಟ್ಟೆಗಳ ಔತಣ! ಒಂದೂವರೆ ಟನ್ ಕ್ಯಾರವಾನನ್ನೂ, ಅದರೊಳಗಿನ ನನ್ನನ್ನೂ, ನನ್ನ ರೇಡಿಯೋವನ್ನೂ, ಆ ಮಣ್ಣು ಸೋಪಿನ ನೀರು ಕುಡಿದುಕೊಂಡು ಸದ್ದಿಲ್ಲದೆ ಹೆಗಲಿಗೇರಿಸಿಕೊಂಡಿತ್ತು. ನಾನು ನಿಜಕ್ಕೂ ಬೆರಗಾದೆ. ಆ ಮಣ್ಣಿನ ಮೇಲೆಯೇ ಹುಟ್ಟಿ ಬೆಳೆದು, ಅದರ ಶಕ್ತಿಯನ್ನು ಒಂದು ದಿನವೂ ತೂಗಿ ನೋಡಿರಲಿಲ್ಲ.

ಇಲ್ಲಿ ನನ್ನ ಮಾವನ ವಿಷಯ ಹೇಳಬೇಕು. ಈ ಮಣ್ಣಿನಿಂದಾಗಿ ನಮ್ಮ ಕಡೆಯ ಮನೆಗಳು ಮರದ ಗೂಟಗಳ ಮೇಲೆ ನಿಂತಿರುತ್ತವೆ, ಕೆಲವು ವರ್ಷಕ್ಕೊಮ್ಮೆ ವಾಲುತ್ತವೆ. ವಾಲಿದ ಮನೆಗಳನ್ನು ಎತ್ತಿ ಮಟ್ಟ ಮಾಡುವುದೇ ಮಾವನ ಕಸುಬು. ರೇಲೀನ್ ಎಂಟನೇ ವಯಸ್ಸಿಗೇ ಅಪ್ಪನ ಜೊತೆ ಮನೆಗಳ ಅಡಿ ತೆವಳಿದವಳು. ಇದು ನನಗೆ ಗೊತ್ತಿತ್ತು. ಮದುವೆಯ ದಿನವೇ ಮಾವ ಹೇಳಿದ್ದ. ನಾನು ಆಗ ಕೇಕ್ ತಿನ್ನುತ್ತಿದ್ದೆ.

"ಮರ್ವ್, ನಿನ್ನ ಶೆಡ್ಡಿನ ಗಟ್ಟಿಮರದ ದಿಮ್ಮಿ ಅಷ್ಟೂ ತಾ. ಕ್ಲೆಮ್, ಎರಡು ಜಾಕ್. ಉಳಿದವರು ಮೆಷಿನ್ ನಿಲ್ಲಿಸಿ, ಬಟ್ಟೆ ಒಣಗಿಸಿ."

ಏಳು ಜನ ಗಂಡಸರು ಚಕಾರವೆತ್ತದೆ ಬಟ್ಟೆ ಒಣಗಿಸಲು ಹೋದರು!

"ಲೆಸ್, ನೀನು ನಡುವೆ ನೆಲದ ಮೇಲೆ ಅಂಗಾತ ಮಲಗು. ಅಲುಗಬೇಡ. ಉಸಿರಾಡು, ಆದ್ರೆ ಆಟ ಆಡಬೇಡ."

ಮಲಗಿದೆ. ಕೆಳಗೆ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸುವ ಸದ್ದು ಕೇಳಿತು. ಆಮೇಲೆ ನೆಲದಡಿಯಿಂದ ಟಕ್ ಟಕ್ ಎಂದು ಚಾಸಿಯನ್ನು ಬಡಿದು ನೋಡುವ ಸದ್ದು, ಬೆನ್ನು ನೋಡುವ ವೈದ್ಯರು ಬಡಿದಂತೆ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ. ಜೊತೆಗೆ ಅವಳು ಸಣ್ಣಗೆ ಏನೋ ಗುನುಗುತ್ತಿದ್ದಳು. ನನ್ನ ಬೆನ್ನಿಗೂ ಅವಳಿಗೂ ನಡುವೆ ಒಂದು ಹಲಗೆ. ಮೇಲೆ ನಾನು, ನನ್ನ ಭಾರ. ಕೆಳಗೆ ಅವಳು, ಬರಿಗೈ. ನಾನು ಹೆದರಿ ನೆಲವನ್ನು ಅವುಚಿ ಹಿಡಿದೆ. ಅವಳಿಗೆ ಮಾತ್ರ ಗುನುಗಲು ಪುರುಸೊತ್ತಿತ್ತು! ನಲವತ್ತೆರಡು ವರ್ಷ ಯಾರ ಪಕ್ಕದಲ್ಲಿ ಮಲಗಿದ್ದೆನೋ ಅವಳು ಯಾರೆಂದು ಅಂದು ಅವಳ ನೆತ್ತಿಯ ಮೇಲೆ ಮಲಗಿದಾಗ ತಿಳಿಯಿತು.

"ಲೆಸ್, ಕೇಳಿಸ್ತಿದ್ಯಾ?" ಧ್ವನಿ ನನ್ನ ಕಿವಿಯ ಕೆಳಗಿನಿಂದಲೇ ಬಂತು.

"ಕೇಳಿಸ್ತಿದೆ."

"ಕರುಂಬಾಗೆ ಯಾವಾಗ ಹೋಗೋದು?"

"ಈಗ ಅದರ ಮಾತ್ಯಾಕೆ?"

"ಈಗ ತಿರುಪು ನನ್ನ ಕೈಯಲ್ಲಿದೆ, ಅದಕ್ಕೆ."

"ಮುಂದಿನ ವರ್ಷ!"

ತಿರುಪಿನ ಸದ್ದು ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಮರ್ವ್ ಹೇಳಿದ, "ಲೆಸ್, ಅವಳು ಚಹಾ ತರಿಸಿಕೊಂಡಳು ಕಣೋ."

"ಮುಂದಿನ ಮೇ ತಿಂಗಳು! ಒಂದನೇ ತಾರೀಕು!"

ಎತ್ತರದ ಮೂಲೆಯ ತಿರುಪು ಅರ್ಧ ಸುತ್ತು ಇಳಿಯಿತು. ಬಾಗಿಲ ಚೌಕಟ್ಟು 'ಟಿಕ್' ಎಂದಿತು. ಮತ್ತೆ ನಿಂತಿತು.

"ಮೊಣಕಾಲು, ರೇಲೀನ್..."

"ಆಗಸ್ಟ್‌ನಲ್ಲೇ ಹೋಗಬಹುದು ಅಂದ್ರು ಡಾಕ್ಟರು. ನಾನು ಪಕ್ಕದ ಕುರ್ಚೀಲೇ ಕೂತಿದ್ದೆ."

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ಕ್ಯಾಂಪಿನಲ್ಲಿ, ನಲವತ್ತು ಜನ ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗ, ನಾನು ಕ್ಯಾರವಾನನ್ನು ಹಿಂದಕ್ಕೆ ತೆಗೆಯಲು ಹೋಗಿ, ಅದು ಕಾರಿಗೆ ಅಡ್ಡಲಾಗಿ ಮಡಿಚಿಕೊಂಡು, ಒಬ್ಬರ ಗುಡಾರವನ್ನೂ ಅವರ ಹುರಿಯುತ್ತಿದ್ದ ಸಾಸೇಜುಗಳನ್ನೂ ನೆಲಸಮ ಮಾಡಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ನಕ್ಕಿದ್ದೆ. ಆದರೆ ಅಂದಿನಿಂದ ಕೊಂಡಿ ಹಾಕಲು ಹೋದರೆ ಕೈ ಬೆವರುತ್ತದೆ. ಸೂರು, ಕಾರು, ಮೊಣಕಾಲು, ಎಲ್ಲ ಆ ಬೆವರಿನ ನೆಪಗಳು.

"ನನಗೆ ಭಯ ಕಣೇ," ಎಂದೆ. "ಅದನ್ನ ಹಿಂದಕ್ಕೆ ತೆಗೆಯೋದು ಅಂದ್ರೆ ಭಯ."

ನಮ್ಮ ಬೀದಿಯಲ್ಲಿ ಗಂಡಸು ಇಂಥ ಮಾತನ್ನು ಸಾಯುವಾಗಲೂ ಆಡುವುದಿಲ್ಲ. ಬಟ್ಟೆ ಒಣಗಿಸುತ್ತಿದ್ದವರೂ ಕ್ಲಿಪ್ಪು ಹಿಡಿದು ನಿಂತರಂತೆ.

"ಗೊತ್ತು ಲೆಸ್," ಎಂದಿತು ನೆಲದಡಿಯ ಧ್ವನಿ, ತುಂಬ ಮೆತ್ತಗೆ. "ನೀನು ಚಕ್ರ ಬಿಚ್ಚಿದ ದಿನಾನೇ ಗೊತ್ತಾಯ್ತು. ಹೊರಡೋ ಮನಸ್ಸಿದ್ದವನು ಚಕ್ರಾನ ಹಾಸಿಗೆ ಬಟ್ಟೇಲಿ ಸುತ್ತಿಡಲ್ಲ. ಈಗ ಹೇಳು, ಯಾವಾಗ?"

"ನೀನು ಹೇಳಿದ ದಿನ."

"ಸೋಮವಾರ."

"ಈ ಸೋಮವಾರಾನಾ! ಅಲ್ಲಿ ಈಗ ಬಿಸಿಲು ಹೇಗಿರುತ್ತೆ ಗೊತ್ತಾ?"

"ನಾನು ಹೋಗ್ತಿರೋದೇ ಸೂರ್ಯನ್ನ ನೋಡೋಕೆ ಲೆಸ್. ಅವನು ಇರಬೇಕಲ್ಲ!"

"ಆಯ್ತು, ಸೋಮವಾರ."

ತಿರುಪು ತಿರುಗಿತು. ಒಂದು ಸುತ್ತು, ಎರಡು, ಮೂರು. ಕ್ಯಾರವಾನ್ ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು. ಯಾರೂ ಮುಟ್ಟದೆ, ಯಾರೂ ಕೊಯ್ಯದೆ, ಬಾಗಿಲು ತಾನಾಗಿಯೇ ಮೆಲ್ಲನೆ ತೆರೆದುಕೊಂಡಿತು. ಹೊಸ್ತಿಲಾಚೆ ಸಂಜೆಬಿಸಿಲು, ಬಾಯಿ ತೆರೆದ ಗಂಡಸರು, ಹಗ್ಗದ ಮೇಲೆ ಸಾಲು ಮೇಜುಬಟ್ಟೆ. ನಾನು ಪವಾಡ ಕಂಡವನಂತೆ ಎದ್ದು ಕೂತೆ.

ರೇಲೀನ್ ಹೊರಗೆ ತೆವಳಿ ಬಂದಳು. ಮೂಗಿನ ತುದಿಯವರೆಗೂ ಎರೆಮಣ್ಣು. ಚಾಸಿಯ ಎರಡು ತುದಿಗೆ ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ನೆಟ್ಟಗಿದೆ," ಎಂದಳು. ದಾರ ಸುತ್ತಿ ಜೇಬಿಗಿಟ್ಟಳು.

ಅಲ್ಲಿಗೆ ನಿಲ್ಲಲಿಲ್ಲ. ನನ್ನನ್ನು ಕೆಳಗಿಳಿಸಿ, ಶೆಡ್ಡಿನಿಂದ ಚಕ್ರ ತರಿಸಿ ಹಾಕಿಸಿ, ಸ್ಟ್ಯಾಂಡು ತೆಗೆಸಿದಳು. ಕಾರನ್ನು ತಾನೇ ತಂದು ಕೊಂಡಿ ಹಾಕಿದಳು. "ಬಾಗಿಲು, ಬ್ರೇಕು ಸರಿ ಇದ್ಯಾ ನೋಡ್ಬೇಕು," ಎಂದು ಎಳೆದುಕೊಂಡು ಬೀದಿಗೆ ಹೋದಳು. ಊರು ಒಂದು ಸುತ್ತು ಹಾಕಿ ಬಂದು, ನಮ್ಮ ಕಿರಿದಾದ ಗೇಟಿನ ಮುಂದೆ ಕ್ಷಣ ನಿಂತು, ಕನ್ನಡಿ ನೋಡಿ, ಹಿಂದಕ್ಕೆ ಬಿಟ್ಟಳು. ಒಂದೇ ಸಲ! ಒಂದೇ ಏಟಿಗೆ! ಗೇಟಿನ ಎರಡೂ ಕಡೆ ಒಂದೊಂದು ಗೇಣು ಬಿಟ್ಟು, ಮನೆಯ ಗೋಡೆಯನ್ನು ಬಳಸಿ, ಸಿಮೆಂಟ್ ನೆಲದ ಸರಿಯಾದ ನಡುವಿಗೆ!

ಒಂಬತ್ತು ಜನರೂ ಸೊಂಟದ ಮೇಲಿನ ಕೈ ತೆಗೆದರು. ಕ್ಲೆಮ್ ಟೋಪಿಯನ್ನೂ ತೆಗೆದ. ಮರ್ವ್‌ನ ಚಹಾ ಲೋಟದಿಂದ ಚಪ್ಪಲಿಯ ಮೇಲೆ ಸುರಿಯುತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ. ಒಬ್ಬೊಬ್ಬರೇ ಚರ್ಚಿನಿಂದ ಹೊರಬೀಳುವವರಂತೆ ತಲೆ ತಗ್ಗಿಸಿ ಮನೆಗೆ ಹೋದರು.

ನಾನು ಕಾರಿನ ಕಿಟಕಿಯ ಬಳಿ ಹೋದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಎಲ್ಲಿ ಕಲಿತೆ?"

"ನೀನು ಆಸ್ಪತ್ರೇಲಿ ಮಲಗಿದ್ದಾಗ."

"ಐದೇ ದಿನದಲ್ಲಾ? ದಿನಾ ಸಂಜೆ ಫೋನ್ ಮಾಡಿ 'ಮನೇಲೇ ಇದ್ದೀನಿ' ಅಂತಿದ್ದೆಯಲ್ಲ!"

"ಮನೇಲೇ ಇದ್ದೆ. ಮನೆ ಬ್ಲ್ಯಾಕಾಲ್‌ನಲ್ಲಿತ್ತು."

ಬ್ಲ್ಯಾಕಾಲ್! ಏಳುನೂರು ಕಿಲೋಮೀಟರ್‌ಗೂ ಆಚೆ! ಕರುಂಬಾದ ದಾರಿ! ನಾನು ಕಾರಿನ ಬಾಗಿಲು ಹಿಡಿದುಕೊಂಡೆ. "ಅಷ್ಟು ದೂರ ಒಬ್ಬಳೇ ಹೋಗಿ... ಮತ್ತೆ ವಾಪಸ್ ಯಾಕೆ ಬಂದೆ? ಹೋಗಿಬಿಡಬಹುದಿತ್ತಲ್ಲ!"

ರೇಲೀನ್ ಎಂಜಿನ್ ಆರಿಸಿದಳು. ಮೂಗಿನ ಮೇಲಿನ ಮಣ್ಣನ್ನು ಮುಂಗೈಯಿಂದ ಒರೆಸಿದಳು.

"ಹೋಗಬಹುದಿತ್ತು. ಆದ್ರೆ ಅಷ್ಟು ದೊಡ್ಡ ಸೂರ್ಯ ಅಷ್ಟು ದೊಡ್ಡ ಸಮುದ್ರಕ್ಕೆ ಇಳಿಯೋವಾಗ, ಪಕ್ಕದಲ್ಲಿ ನಿಂತು 'ಸ್ವಲ್ಪ ಎಡಕ್ಕೆ ವಾಲಿದಾನೆ ಕಣೇ' ಅನ್ನೋಕೆ ಒಬ್ಬ ಬೇಡ್ವೇನೋ?"